ಮೂರನೆಯ ದಿನದ ಮುಖ

ಕ್ಷೌರ ಮುಗಿದ ಕೂಡಲೇ ಗಿರಾಕಿಯ ಕೆನ್ನೆ ಸವರಿ ಸಂತೋಷಪಡುವ ಅಭ್ಯಾಸ ನಿಮಗಿದ್ದರೆ ಇವತ್ತೇ ಬಿಡಿ. ಆ ಹೊತ್ತಿನಲ್ಲಿ ಎಲ್ಲರ ಕೆನ್ನೆಯೂ ನುಣುಪಾಗಿಯೇ ಇರುತ್ತದೆ. ನೋಡಬೇಕಾದದ್ದು ಮೂರನೆಯ ದಿನ. ಕತ್ತಿನ ಎರಡು ಪಕ್ಕ, ದವಡೆಯ ಕೆಳಗೆ, ಗಂಟಲಿನ ಉಬ್ಬಿನ ಸುತ್ತ ನೋಡಿ. ಅಲ್ಲಿ ಕೆಂಪಗೆ ಗುಳ್ಳೆ ಎದ್ದಿದ್ದರೆ ನಿಮ್ಮ ಕೆಲಸ ಕೆಟ್ಟಿದೆ ಎಂದು ತಿಳಿಯಿರಿ. ಗಿರಾಕಿಯ ರಕ್ತ ಕೆಟ್ಟಿದೆ ಎಂದು ಹೇಳಬೇಡಿ. ಇಷ್ಟು ಕಲಿಯಲು ನನಗೆ ಹನ್ನೆರಡು ವರ್ಷ ಹಿಡಿಯಿತು. ಅದಕ್ಕೆ ದಂಡ ತೆತ್ತವನು ನಾನಲ್ಲ, ಬೇರೆಯವರು.

ನಮ್ಮ ಕಸುಬಿಗೆ ಹೊಸದಾಗಿ ಬಂದ ಕೆಲವರು ಬೇಲೂರಿನ ನನ್ನ ಮನೆಗೆ ಬಂದು, “ಅಣ್ಣಾ, ನಿಮ್ಮ ಕಾಲದ್ದು ಒಂದಿಷ್ಟು ಬರ್ಕೊಡಿ” ಎಂದು ಕೇಳಿದರು. ಯಾವ ದೊಡ್ಡವರ ಗಡ್ಡ ತೆಗೆದೆ, ಅಂಗಡಿಯಲ್ಲಿ ಎಷ್ಟು ಕುರ್ಚಿ ಇಟ್ಟೆ ಎನ್ನುವುದರಿಂದ ಅವರಿಗೆ ಆಗಬೇಕಾದ್ದು ಏನೂ ಇಲ್ಲ. ನನ್ನಿಂದ ಕೆಟ್ಟದ್ದನ್ನು ಬರೆದರೆ ಉಪಯೋಗವಾದೀತು. ಅದನ್ನೇ ಬರೆಯುತ್ತೇನೆ.

ನಾನು ಹುಟ್ಟಿದ್ದು ಗೆಂಡೆಹಳ್ಳಿಯ ಪಕ್ಕದ ಹಳ್ಳಿಯಲ್ಲಿ. ಅಪ್ಪ ಹಡಪ ಹಿಡಿದು ಮನೆಮನೆಗೆ ಹೋಗುತ್ತಿದ್ದರು. ಕತ್ತಿ, ಕತ್ತರಿ, ಸಾಣೆಕಲ್ಲು ಇಟ್ಟುಕೊಳ್ಳುವ ಚೀಲಕ್ಕೆ ನಮ್ಮಲ್ಲಿ ಹಡಪ ಎನ್ನುತ್ತೇವೆ. ಮಿಡ್ಲ್ ಸ್ಕೂಲು ಮುಗಿದ ಮೇಲೆ ಸೋದರಮಾವ ನನ್ನನ್ನು ಬೆಂಗಳೂರಿನ ದಂಡಿಗೆ ಕರೆದುಕೊಂಡು ಹೋದರು. ಸಿಪಾಯಿಗಳಿಗೆ ಕ್ಷೌರ ಮಾಡುವ ಕೊಠಡಿಯಲ್ಲಿ ಅವರು ಮೇಸ್ತ್ರಿ.

ಅಲ್ಲಿನ ಶಿಸ್ತು ನನ್ನ ಮೂಳೆಗೆ ಇಳಿಯಿತು. ಬೆಳಗಿನ ನಾಲ್ಕೂವರೆಗೆ ಒಲೆ, ಐದಕ್ಕೆ ನೀರು, ಐದೂಕಾಲಿಗೆ ಮೊದಲ ಮುಖ. ಬಟ್ಟಲು ಎಡಕ್ಕೆ, ಬ್ರಷ್ಷು ಬಲಕ್ಕೆ. ಕತ್ತಿಯನ್ನು ಚರ್ಮದ ಪಟ್ಟಿಯ ಮೇಲೆ ಇಪ್ಪತ್ತು ಸಲ ಎಳೆಯಬೇಕು, ಹತ್ತೊಂಬತ್ತಲ್ಲ. ಒಂದು ಮುಖಕ್ಕೆ ನಾಲ್ಕು ನಿಮಿಷ. ಪೆರೇಡಿಗೆ ಮುಂಚೆ ಒಬ್ಬ ಹವಾಲ್ದಾರ ಕೈಯಲ್ಲಿ ಹತ್ತಿಯ ಉಂಡೆ ಹಿಡಿದು ಸಾಲಿನ ಉದ್ದಕ್ಕೂ ನಡೆಯುತ್ತಿದ್ದ. ಸಿಪಾಯಿಯ ಕತ್ತಿನಿಂದ ಕೆನ್ನೆಯ ಕಡೆಗೆ ಹತ್ತಿಯನ್ನು ಎಳೆಯುತ್ತಿದ್ದ. ಒಂದು ಎಳೆ ಅಂಟಿಕೊಂಡರೂ ಸಿಪಾಯಿಗೆ ಮೈದಾನದ ಸುತ್ತ ಓಟ, ನಮಗೆ ಬೈಗುಳ.

ಹತ್ತಿ ಅಂಟಬಾರದು ಎಂದರೆ ದಾರಿ ಒಂದೇ. ಮೊದಲು ಕೂದಲು ಬೆಳೆದ ದಿಕ್ಕಿಗೆ ಒಂದು ಎಳೆತ. ಆಮೇಲೆ ಅಡ್ಡಡ್ಡ. ಕೊನೆಗೆ ಹೆಬ್ಬೆರಳಿನಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಕೂದಲಿಗೆ ಎದುರಾಗಿ ಕೆಳಗಿನಿಂದ ಮೇಲಕ್ಕೆ ಇನ್ನೊಂದು. ಇದಕ್ಕೆ ನಾವು ‘ಉಲ್ಟಾ ಕೈ’ ಎನ್ನುತ್ತಿದ್ದೆವು. ಉಲ್ಟಾ ಕೈ ಚೆನ್ನಾಗಿ ಬಂದವನೇ ಕಸುಬುದಾರ. ನನಗೆ ಬಹಳ ಚೆನ್ನಾಗಿ ಬಂತು.

ಗುಂಗುರು ಕೂದಲಿನ ಕೆಲವು ಸಿಪಾಯಿಗಳ ಕತ್ತಿನಲ್ಲಿ ಗುಳ್ಳೆ ಏಳುತ್ತಿದ್ದವು. ಒಮ್ಮೆ ಮಾವನನ್ನು ಕೇಳಿದೆ.

“ಅದು ಡಾಕ್ಟ್ರ ಕೆಲ್ಸ ಕಣೋ. ನಮ್ದು ಹತ್ತಿ ಕೆಲ್ಸ” ಎಂದರು.

ಆ ಮಾತಿಗೆ ಕೊಠಡಿಯಲ್ಲಿದ್ದವರೆಲ್ಲ ನಕ್ಕೆವು. ಮತ್ತೆ ನಾನು ಆ ಪ್ರಶ್ನೆ ಕೇಳಲಿಲ್ಲ.

ಐವತ್ತರ ದಶಕದ ಮೊದಲಲ್ಲಿ ದಂಡು ಬಿಟ್ಟು ಅರಸೀಕೆರೆಗೆ ಬಂದೆ. ರೈಲ್ವೆ ಸ್ಟೇಷನ್ನಿನ ಎದುರು ಚಿಕ್ಕಣ್ಣ ಎಂಬುವರ ಸಲೂನು. ಅವರು ನನ್ನ ಯಜಮಾನರು. ರೈಲು ಬದಲಿಸಲು ಇಳಿದವರು, ಕೊಬ್ಬರಿ ವ್ಯಾಪಾರಿಗಳು, ರೈಲ್ವೆ ನೌಕರರು ನಮ್ಮ ಗಿರಾಕಿಗಳು. ‘ದಂಡಿನ ಕ್ಷೌರ’ ಎಂದು ಚಿಕ್ಕಣ್ಣನವರು ಹಲಗೆಯ ಮೇಲೆ ಬರೆಸಿದರು. ನಾನು ಗಿರಾಕಿಯ ಕೆನ್ನೆಗೆ ಹತ್ತಿ ಎಳೆದು ತೋರಿಸುತ್ತಿದ್ದೆ. ಜನ ಬೆರಗಾಗುತ್ತಿದ್ದರು.

ಒಬ್ಬ ಕೊಬ್ಬರಿ ವ್ಯಾಪಾರಿ ನಾಲ್ಕು ದಿನದ ಮೇಲೆ ತಿರುಗಿ ಬಂದು, ಶರ್ಟಿನ ಕಾಲರು ಇಳಿಸಿ ಕತ್ತು ತೋರಿಸಿದ. “ಏನಪ್ಪಾ ಇದು? ಕತ್ತಲ್ವಾ, ಹಾಗಲಕಾಯಾ?”

ನಾನು ಅವನ ಕತ್ತನ್ನೇ ನೋಡುತ್ತಾ ನಿಂತೆ. ಚಿಕ್ಕಣ್ಣನವರು ಪಕ್ಕದ ಕುರ್ಚಿಯಿಂದ ತಲೆ ಎತ್ತದೆಯೇ, “ಉಷ್ಣ ಸಾವ್ಕಾರ್ರೇ. ಎಳನೀರು ಕುಡೀರಿ” ಎಂದರು.

“ದಿನಾ ತೆಂಗಿನಕಾಯಿ ಮಧ್ಯೆನೇ ಬಿದ್ದಿದೀನಿ. ನಂಗೇ ಎಳನೀರು ಹೇಳ್ತೀಯಾ?”

“ಮಾರೋದು ಬೇರೆ, ಕುಡಿಯೋದು ಬೇರೆ.”

ವ್ಯಾಪಾರಿ ನಗುತ್ತಾ ಹೋದ. ಅವನು ಹೋದ ಮೇಲೆ ಚಿಕ್ಕಣ್ಣನವರು ನನಗೆ ಬುದ್ಧಿ ಹೇಳಿದರು: “ಗಿರಾಕಿ ಕೇಳ್ದಾಗ ಬಾಯಿ ಬಿಟ್ಕೊಂಡು ನಿಂತ್ರೆ ಅವನೇ ಕಾರಣ ಹುಡುಕ್ತಾನೆ. ಮೊದ್ಲು ನೀನ್ ಹೇಳ್ಬಿಡು.” ಅಂದಿನಿಂದ ನನ್ನ ಬಾಯಲ್ಲಿ ‘ಉಷ್ಣ’ ಸಿದ್ಧವಾಗಿತ್ತು. ಹುರುಳಿ ತಿಂದಿರಾ, ಹಲಸಿನ ಹಣ್ಣು ತಿಂದಿರಾ, ನಿದ್ದೆಗೆಟ್ಟಿರಾ ಎಂದು ಡಾಕ್ಟರ ಹಾಗೆ ಕೇಳುತ್ತಿದ್ದೆ. ಹಲಸಿನ ಕಾಲವಲ್ಲದಾಗಲೂ ಒಮ್ಮೆ ಹಲಸು ಕೇಳಿ ಸಿಕ್ಕಿಬಿದ್ದೆ. ಆದರೂ ಬಿಡಲಿಲ್ಲ.

ಆಮೇಲೆ ಬೇಲೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಸ್ವಂತ ಅಂಗಡಿ ಹಾಕಿದೆ. ಎರಡು ಕನ್ನಡಿ, ಒಂದು ಬೆಂಚು. ದಂಡಿನ ಪದ್ಧತಿ ಅಲ್ಲಿಯೂ ನಡೆಯಿತು, ಒಂದನ್ನು ಬಿಟ್ಟು. ದಂಡಿನಲ್ಲಿ ಬಿಸಿನೀರಿತ್ತು. ಇಲ್ಲಿ ಸೌದೆ ಉಳಿಸಲು ತಣ್ಣೀರಿಗೆ ಇಳಿದೆ. ಕತ್ತಿ ಹರಿತವಿದ್ದರೆ ನೀರು ಯಾವುದಾದರೇನು ಎಂದುಕೊಂಡೆ. ತಣ್ಣೀರಿನಲ್ಲಿ ನೆಂದ ಗಡ್ಡ ತಂತಿಯ ಹಾಗಿರುತ್ತದೆ. ಅದಕ್ಕೆ ಕತ್ತಿಯನ್ನು ಇನ್ನಷ್ಟು ಒತ್ತುತ್ತಿದ್ದೆ.

ಪುಟ್ಟಸ್ವಾಮಿ ಮೇಷ್ಟ್ರು ನನ್ನ ಕುರ್ಚಿಗೆ ಬಂದದ್ದು ಆಗ. ಬೇಲೂರಿನ ಮಿಡ್ಲ್ ಸ್ಕೂಲಿಗೆ ಹೊಸದಾಗಿ ಬಂದಿದ್ದರು. ಊರು ಅರೇಹಳ್ಳಿ ಕಡೆ. ಇಪ್ಪತ್ತಾರು ಇಪ್ಪತ್ತೇಳರ ವಯಸ್ಸು, ಮೃದು ಮಾತು, ತಲೆಯಲ್ಲೂ ಗಡ್ಡದಲ್ಲೂ ಬಿಗಿಯಾದ ಗುಂಗುರು. ಅವರ ಹೆಡ್‌ಮಾಸ್ಟರು ಗಡ್ಡ ಬಿಟ್ಟ ಮೇಷ್ಟ್ರನ್ನು ಮಕ್ಕಳ ಮುಂದೆಯೇ ಹಂಗಿಸುವವರು. ಹಾಗಾಗಿ ಬುಧವಾರ ಒಮ್ಮೆ, ಭಾನುವಾರ ಒಮ್ಮೆ ತಪ್ಪದೆ ಬರುತ್ತಿದ್ದರು. ಮಂಗಳವಾರ, ಶನಿವಾರ ಆಗ ಯಾರೂ ಕ್ಷೌರ ಮಾಡಿಸಿಕೊಳ್ಳುತ್ತಿರಲಿಲ್ಲ.

ಎರಡು ತಿಂಗಳಲ್ಲಿ ಅವರ ಕತ್ತು ಕೆಟ್ಟಿತು.

“ಏನ್ ನಂಜಪ್ಪ, ಕತ್ತಿನ್ ಮೇಲೆ ಯಾರೋ ರಾಗಿ ಚೆಲ್ಲಿದಂಗೆ ಆಗಿದೆಯಲ್ಲ?”

“ಉಷ್ಣ ಮೇಷ್ಟ್ರೇ. ವಾರಕ್ಕೊಂದು ಎಣ್ಣೆಸ್ನಾನ ಮಾಡಿ. ಹುರುಳಿ ಬಿಡಿ.”

ಅವರು ಹುರುಳಿ ಬಿಟ್ಟರು. ಕಡಿಮೆಯಾಗಲಿಲ್ಲ. ಕಾಫಿ ಬಿಡಿ ಎಂದೆ. ಕಾಫಿ ಸೀಮೆಯ ಮನುಷ್ಯ ಕಾಫಿಯನ್ನೂ ಬಿಟ್ಟರು. ಆದರೂ ಕಡಿಮೆಯಾಗಲಿಲ್ಲ. ಗುಳ್ಳೆಗಳ ಮೇಲೆಯೇ ನಾನು ಉಲ್ಟಾ ಕೈ ಎಳೆಯುತ್ತಿದ್ದೆ. ಅವುಗಳ ತಲೆ ಹಾರಿ ರಕ್ತ ಜಿನುಗುತ್ತಿತ್ತು. ರಕ್ತ ನಿಲ್ಲಲು ಅದರ ಮೇಲೆ ಪಟಿಕ ಉಜ್ಜುತ್ತಿದ್ದೆ. ಮೇಷ್ಟ್ರು ಕುರ್ಚಿಯ ಕೈ ಹಿಡಿದು ಉಸಿರು ಬಿಗಿಹಿಡಿಯುತ್ತಿದ್ದರು. “ಇಷ್ಟಕ್ಕೇ ಹೀಗಂದ್ರೆ ಹೆಂಗೆ ಮೇಷ್ಟ್ರೇ? ಮಕ್ಕಳಿಗೆ ಬೆತ್ತ ಬೀಸೋವಾಗ ನೆನಪಿರ್ಲಿ” ಎಂದು ತಮಾಷೆ ಮಾಡುತ್ತಿದ್ದೆ. ಅವರು ನಗುತ್ತಿದ್ದರು. ಆ ನಗುವನ್ನು ಈಗ ನೆನೆಸಿಕೊಂಡರೆ ನನಗೆ ತಲೆ ಎತ್ತಲಾಗುವುದಿಲ್ಲ.

ಒಮ್ಮೆ ಅವರು ಒಂದೂವರೆ ತಿಂಗಳು ಬರಲಿಲ್ಲ. ಮನೆದೇವರಿಗೆ ಮುಡಿ ಕೊಡುವ ಹರಕೆ ಇತ್ತು. ಹೆಡ್‌ಮಾಸ್ಟರು ದೇವರ ವಿಷಯ ಎಂದು ಸುಮ್ಮನಿದ್ದರು. ಒಂದು ದಿನ ಸಂತೆಯಲ್ಲಿ ಸಿಕ್ಕಿದಾಗ ಮೇಷ್ಟ್ರು ಗಲ್ಲ ಎತ್ತಿ, ಗಡ್ಡವನ್ನು ಬೆರಳಿನಿಂದ ಸರಿಸಿ ತೋರಿಸಿದರು.

“ನೋಡು ನಂಜಪ್ಪ, ದೇವರ ಮಹಿಮೆ. ಒಂದು ಗುಳ್ಳೆ ಇಲ್ಲ.”

ಇರಲಿಲ್ಲ. ಚರ್ಮ ಮಗುವಿನ ಹಾಗಿತ್ತು. ಮುಡಿ ಕೊಟ್ಟು ಬಂದ ಮೇಲೂ ಹಾಗೆಯೇ ಇತ್ತು. ದೇವಸ್ಥಾನದ ಕ್ಷೌರಿಕ ಗದ್ದಲದಲ್ಲಿ ಒಂದೇ ಎಳೆತ ಎಳೆದು ಕಳಿಸಿದ್ದ. ಅದರ ಮುಂದಿನ ಭಾನುವಾರ ನನ್ನ ಕುರ್ಚಿಗೆ ಬಂದರು. ನಾನು ನನ್ನ ಪದ್ಧತಿಯಂತೆ ಮೂರು ಎಳೆತ ಎಳೆದೆ. ಬುಧವಾರ ಬಂದಾಗ ಗುಳ್ಳೆಗಳು ತಿರುಗಿ ಬಂದಿದ್ದವು.

ಆವತ್ತು ನನಗೆ ಗೊತ್ತಾಯಿತು. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ, ಏಕೆಂದರೆ ಮುಂದೆ ಮಾಡಿದ್ದನ್ನು ಅಜ್ಞಾನದಿಂದ ಮಾಡಿದೆ ಎಂದು ಯಾರೂ ನನ್ನ ಪರವಾಗಿ ಹೇಳಬಾರದು. ಗುಳ್ಳೆ ಹೇಗೆ ಏಳುತ್ತದೆ ಎಂದು ತಿಳಿದಿರಲಿಲ್ಲ. ನನ್ನ ಕೈಯಿಂದ ಏಳುತ್ತದೆ ಎಂದು ತಿಳಿದಿತ್ತು.

ಅದಾಗಿ ಹತ್ತು ದಿನದೊಳಗೆ ಗೆಂಡೆಹಳ್ಳಿಯ ಕಾಳೇಗೌಡರು ಅಂಗಡಿಗೆ ಬಂದರು. ರಾಗಿ, ತೆಂಗು ಬೆಳೆಯುವ ಅನುಕೂಲಸ್ಥರು. ನಮ್ಮ ಅಪ್ಪ ಅವರ ಮನೆಗೆ ಕ್ಷೌರಕ್ಕೆ ಹೋಗುತ್ತಿದ್ದವರು. ಗಡ್ಡ ಮಾಡಿಸಿಕೊಂಡು, ಬೆಂಚಿನ ಮೇಲಿದ್ದ ಇಬ್ಬರ ಕಡೆ ಒಮ್ಮೆ ನೋಡಿ, ನನ್ನನ್ನು ಬಾಗಿಲ ಆಚೆ ಕರೆದರು.

ಇಲ್ಲಿ ಒಂದು ಮಾತು ಹೇಳಬೇಕು. ಹೆಣ್ಣು ಕೊಡುವವರು ಗಂಡಿನ ಮನೆಯ ಆಸ್ತಿಯನ್ನು ಶ್ಯಾನುಭೋಗರ ಹತ್ತಿರ ಕೇಳುತ್ತಿದ್ದರು, ಮೈಯನ್ನು ಕ್ಷೌರಿಕನ ಹತ್ತಿರ ಕೇಳುತ್ತಿದ್ದರು. ತೊನ್ನು ಇದೆಯೇ, ತಲೆಯಲ್ಲಿ ಹುಣ್ಣು ಇದೆಯೇ, ಚರ್ಮದ ರೋಗ ಇದೆಯೇ ಎಂಬುದು ನಮಗೆ ಗೊತ್ತಿರುವಷ್ಟು ಹೆತ್ತ ತಾಯಿಗೂ ಗೊತ್ತಿರುವುದಿಲ್ಲ. ಆ ಮಾತು ಯಾರ ಬಾಯಿಂದ ಬಂತೆಂದು ಹೊರಗೆ ಗೊತ್ತಾಗಬಾರದು. ಅದು ಕಟ್ಟುಪಾಡು. “ಆ ಒಂದು ಮಾತಿಗಾಗೇ ನಮ್ಮನ್ನ ಹೊಸಿಲ ಹತ್ರ ಕೂರಿಸ್ತಾರೆ ಮಗ. ಸುಳ್ಳು ಹೇಳಿದ್ರೆ ಅದೂ ಇಲ್ಲ” ಎಂದು ಅಪ್ಪ ಹೇಳುತ್ತಿದ್ದರು.

ಕಾಳೇಗೌಡರು ದನಿ ತಗ್ಗಿಸಿದರು. “ಪುಟ್ಟಸ್ವಾಮಿ ಮೇಷ್ಟ್ರು ನಿನ್ ತಾವೇ ಬತ್ತಾರಂತೆ. ನಮ್ ಹುಡ್ಗಿನ ನೋಡ್ಕಂಡ್ ಹೋಗವ್ರೆ. ಹುಡ್ಗಂಗೂ ಒಪ್ಗೆ, ಇವ್ಳಿಗೂ ಒಪ್ಗೆ. ಎಲ್ಲಾ ಸರಿ ಐತೆ. ಆದ್ರೆ ಕತ್ತಿನ್ ತಾವ ಅದೇನ್ಲಾ ಅದು? ನಮ್ಮನೆಯೋಳು ಅದನ್ನ ನೋಡ್ದಾಗಿಂದ ಅನ್ನ ಬಿಟ್ಟು ಕೂತವ್ಳೆ.”

ಆ ಕಾಲದಲ್ಲಿ ಚರ್ಮದ ಮೇಲೆ ಏನೇ ಕಂಡರೂ ಜನರ ಮನಸ್ಸು ನೇರವಾಗಿ ಕುಷ್ಠಕ್ಕೆ ಹೋಗುತ್ತಿತ್ತು. ಬಾಯಿಬಿಟ್ಟು ಹೆಸರು ಹೇಳುತ್ತಿರಲಿಲ್ಲ. ‘ದೊಡ್ಡ ರೋಗ’ ಎನ್ನುತ್ತಿದ್ದರು.

“ದೊಡ್ಡ ರೋಗ ಏನಾರಾ…” ಎಂದು ಗೌಡರು ಅರ್ಧಕ್ಕೆ ನಿಲ್ಲಿಸಿದರು. “ನೀನ್ ಹೇಳಿದ್ದು ನನ್ ಹೊಟ್ಟೇಲೇ ಇರ್ತದೆ ನಂಜಪ್ಪ. ನಿಮ್ಮಪ್ಪನ್ ಮಾತಂಗೇ ಅಂತ ತಿಳ್ಕಂತೀನಿ.”

‘ಇಲ್ಲ ಗೌಡರೇ, ಅದು ನನ್ನ ಕತ್ತಿಯಿಂದ ಆದದ್ದು’ ಎಂದು ಹೇಳಿದ್ದರೆ ಮುಗಿಯುತ್ತಿತ್ತು. ಆದರೆ ಅವರ ಕತ್ತನ್ನು ಆಗತಾನೇ ನಾನು ಅದೇ ಕತ್ತಿಯಲ್ಲಿ ಕೆರೆದಿದ್ದೆ. ಒಳಗೆ ಬೆಂಚಿನ ಮೇಲೆ ಇನ್ನೂ ಇಬ್ಬರಿದ್ದರು. ಸಂತೆ ದಿನ. ಗೆಂಡೆಹಳ್ಳಿ ಹೋಬಳಿಯಲ್ಲಿ ಸುದ್ದಿ ಹಬ್ಬಲು ಒಂದು ಸಂತೆ ಸಾಕು. ಹಲಗೆಯ ಮೇಲೆ ‘ದಂಡಿನ ಕ್ಷೌರ’ ಎಂದು ನಾನೂ ಬರೆಸಿದ್ದೆ.

“ನಾನ್ ವೈದ್ಯ ಅಲ್ಲ ಗೌಡ್ರೇ” ಎಂದೆ. “ರಕ್ತದ ದೋಷ ಇರಬೋದು. ಎಷ್ಟ್ ಪಥ್ಯ ಮಾಡಿದ್ರೂ ಹೋಗ್ತಿಲ್ಲ.”

ಗೌಡರು ಹೆಗಲ ಮೇಲಿನ ಟವೆಲ್ಲು ಸರಿಮಾಡಿಕೊಂಡರು. ನನ್ನ ಭುಜ ತಟ್ಟಿ, “ಸರಿ ಬುಡು. ಒಳ್ಳೇದ್ ಮಾಡ್ದೆ” ಎಂದು ಬಸ್ಸಿನ ಕಡೆ ನಡೆದರು.

ಭಾನುವಾರ ಮೇಷ್ಟ್ರು ಬಂದಾಗ ಎಂದಿನಂತೆ ನಮಸ್ಕಾರಕ್ಕೆ ನಗಲಿಲ್ಲ. ಕುರ್ಚಿಯಲ್ಲಿ ಕೂತು ಕನ್ನಡಿಯಲ್ಲಿ ತಮ್ಮ ಮುಖವನ್ನೇ ನೋಡಿಕೊಂಡರು.

“ಗೆಂಡೆಹಳ್ಳಿದು ಮುರಿದುಹೋಯ್ತು ನಂಜಪ್ಪ. ಕಾರಣ ಹೇಳಲಿಲ್ಲ. ಜಾತಕ ಕೂಡಿಲ್ಲ ಅಂದ್ರು. ಮೊದ್ಲು ಕೂಡಿತ್ತು.” ಆಮೇಲೆ ಹೇಳಿದರು: “ಆ ಹುಡುಗಿ ನನ್ನ ಒಂದೇ ಮಾತು ಕೇಳಿದ್ಲು ಕಣಯ್ಯ. ಮದುವೆ ಆದ್ಮೇಲೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿಸ್ತೀರಾ ಅಂತ. ಅಡುಗೆ, ಒಡವೆ ಯಾವ್ದೂ ಅಲ್ಲ. ಅವಳಿಗೆ ಅಂತ ಪುಸ್ತಕ ತೆಗೆದಿಟ್ಟಿದ್ದೆ.”

ಇಷ್ಟು ಹೇಳಿ, ತಲೆ ಹಿಂದಕ್ಕೆ ಒರಗಿಸಿ, ಕಣ್ಣು ಮುಚ್ಚಿ, ಕತ್ತು ಒಡ್ಡಿದರು. ನಾನು ಸೋಪು ಹಚ್ಚಿದೆ. ಕತ್ತಿಯನ್ನು ಪಟ್ಟಿಯ ಮೇಲೆ ಇಪ್ಪತ್ತು ಸಲ ಎಳೆದೆ. ಇಪ್ಪತ್ತು ಎಣಿಸುವಷ್ಟು ಹೊತ್ತು ಇತ್ತು, ಹೇಳಬಹುದಿತ್ತು. ಹೇಳಲಿಲ್ಲ. ಆವತ್ತು ಉಲ್ಟಾ ಕೈ ಮಾತ್ರ ಎಳೆಯಲಾಗಲಿಲ್ಲ. ಮೇಷ್ಟ್ರು ಕೆನ್ನೆ ಸವರಿಕೊಂಡು, “ಇವತ್ತು ಒರಟು ಉಳಿಸಿದೀಯ” ಎಂದರಷ್ಟೆ.

ನನ್ನ ಹೆಂಡತಿಯ ತವರು ಹಳೇಬೀಡಿನ ಪಕ್ಕ. ಕೆಲವು ದಿನಗಳ ಮೇಲೆ ಅಲ್ಲಿಗೆ ಊಟಕ್ಕೆ ಹೋಗಿದ್ದೆ. ನನ್ನ ಭಾವನದು ಮೇಷ್ಟ್ರದೇ ಥರದ ಗುಂಗುರು ಗಡ್ಡ. ಪಂಕ್ತಿಯಲ್ಲಿ ಎದುರಿಗೆ ಕೂತಿದ್ದ ಅವರ ಕತ್ತು ನೋಡಿದೆ. ಒಂದು ಗುಳ್ಳೆ ಇಲ್ಲ. ಹಾಕಿದ ಅನ್ನವನ್ನು ಕಲಸುವುದೂ ಮರೆತು ಯಾರ ಹತ್ತಿರ ಕ್ಷೌರ ಎಂದು ಕೇಳಿದೆ.

“ಕೆಂಚಯ್ಯನ ತಾವ. ಕೆರೆ ಏರಿ ಕೆಳಗೆ ಕೂತಿರ್ತಾನೆ. ನೀವು ಸಲೂನ್ನೋರು, ಅವನ್ನ ನೋಡಿದ್ರೆ ನಗ್ತೀರ.”

ನಿಜ, ಹಿಂದೆ ನಕ್ಕಿದ್ದೆ. ಹುಣಸೆಮರದ ಕೆಳಗೆ ಚಾಪೆ, ಒಂದು ಅಂಗೈಯಷ್ಟು ಕನ್ನಡಿ, ಮೂರು ಕಲ್ಲಿನ ಒಲೆ. ಕೆಂಚಯ್ಯನಿಗೆ ಎಪ್ಪತ್ತು ದಾಟಿತ್ತು. ಊಟ ಮುಗಿಸಿ ಹೋಗಿ, ನಾನೂ ಕಸುಬಿನವನೇ ಎಂದು ಹೇಳಿ, ಏರಿಯ ಮೇಲೆ ಕೂತು ಅವನ ಕೆಲಸ ನೋಡಿದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಗಿರಾಕಿಯ ಮುಖಕ್ಕೆ ಮುಚ್ಚಿ, ತಾನು ಎಲೆ ಅಡಿಕೆ ಹಾಕಿಕೊಂಡ. ಅದು ಬಾಯಲ್ಲಿ ಹದವಾಗುವಷ್ಟು ಹೊತ್ತು ಕತ್ತಿ ಮುಟ್ಟಲಿಲ್ಲ. ಆಮೇಲೆ ಕಣ್ಣು ಮುಚ್ಚಿ, ಬೆರಳ ತುದಿಯಿಂದ ಕತ್ತನ್ನೆಲ್ಲ ತಡವಿದ. ಎಡಗಡೆ ಕೂದಲು ಕೆಳಕ್ಕೆ ಮಲಗಿರುತ್ತದೆ, ಬಲಗಡೆ ಓರೆಯಾಗಿ, ಗಂಟಲಲ್ಲಿ ಮೇಲಕ್ಕೆ. ಎಲ್ಲಿ ಹೇಗೆ ಮಲಗಿದೆಯೋ ಅಲ್ಲಿ ಹಾಗೇ ಕತ್ತಿ ಹೋಯಿತು. ಚರ್ಮ ಎಳೆಯಲಿಲ್ಲ, ಒತ್ತಲಿಲ್ಲ. ಒಂದೇ ಎಳೆತ. ತಣ್ಣೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಒರೆಸಿ, ಅಂಗೈಯಲ್ಲಿ ಒಂದು ಹನಿ ಕೊಬ್ಬರಿ ಎಣ್ಣೆ ತಿಕ್ಕಿ ಸವರಿದ.

“ತಾತ, ಒರಟು ಉಳಿಸಿಬಿಟ್ಟಿದೀಯಲ್ಲ?” ಎಂದೆ.

“ಉಳುಸ್ಬೇಕು ಕಣ್ಲಾ. ಗದ್ದೆ ಕುಯ್ಯೋನು ಕೂಳೆ ಬುಡಾಕಿಲ್ವಾ? ಬೇರ್ ಗಂಟ ಕುಯ್ಯಾಕೋದ್ರೆ ಮಣ್ಣೂ ಬತ್ತದೆ.”

ಅಷ್ಟರಲ್ಲಿ ಬೇರೆ ಯಾವುದೋ ಊರಿನ ಕ್ಷೌರದಿಂದ ಕತ್ತು ಕೆಡಿಸಿಕೊಂಡ ಪ್ರವಾಸಿ ಒಬ್ಬ ಬಂದು ಕೂತ. ಕೆಂಚಯ್ಯ ಕತ್ತಿ ಮುಟ್ಟಲಿಲ್ಲ. ಬೆಂಕಿಯಲ್ಲಿ ಕಾಯಿಸಿದ ಸೂಜಿಯನ್ನು ಆರಿಸಿ, ಒಂದು ಗುಳ್ಳೆಯ ಪಕ್ಕದಲ್ಲಿ ಕಂಡೂ ಕಾಣದಂತಿದ್ದ ಕೂದಲ ಕುಣಿಕೆಯನ್ನು ಮೆಲ್ಲಗೆ ಮೀಟಿ ತೆಗೆದ. ಸುತ್ತಿಕೊಂಡಿದ್ದ ಕೂದಲು ಹೊರಬಂದು ನಿಂತಿತು.

“ನೋಡ್ಲಾ. ಚರ್ಮ ಎಳ್ದು ಹಿಡ್ದು ಉಲ್ಟಾ ಕುಯ್ದ್ರೆ, ಕೈ ಬುಟ್ಟೇಟ್ಗೆ ಕೂದ್ಲು ಚರ್ಮದೊಳಕ್ಕೋಯ್ತದೆ. ಗುಂಗ್ರು ಕೂದ್ಲು ನೆಟ್ಟಗೆ ಬರಾಕಿಲ್ಲ. ದಾರಿ ಸಿಕ್ದೆ ಒಳಗೇ ಸುತ್ಕಂತದೆ. ಅದ್ಕೇ ಮೈ ಕೋಪ ಮಾಡ್ಕಂತದೆ.” ಪ್ರವಾಸಿಯ ಕಡೆ ತಿರುಗಿ, “ಒಂದ್ ತಿಂಗ್ಳು ಯಾರ್ ಕೈಗೂ ಕತ್ತು ಕೊಡ್ಬ್ಯಾಡಿ ಸಾಮಿ. ಚಿವುಟ್ಬ್ಯಾಡಿ. ಬಿಸಿನೀರ್ ಬಟ್ಟೆ ಇಡಿ” ಎಂದು ಕಳಿಸಿದ.

ಅವನು ಹೋದ ಮೇಲೆ ನನ್ನನ್ನು ಕೇಳಿದ: “ನಿನ್ ಗಿರಾಕಿಗಳ್ಗೆ ಗುಳ್ಳೆ ಎದ್ರೆ ಏನಂತೀಯ?”

“ಉಷ್ಣ ಅಂತೀನಿ.”

ಕೆಂಚಯ್ಯ ಪಕ್ಕಕ್ಕೆ ಉಗಿದು, “ನಾನೂವೆ ನಿನ್ ವಯಸ್ನಾಗೆ ಅಂಗೇ ಅಂತಿದ್ದೆ” ಎಂದ.

ಮರುದಿನ ಅಂಗಡಿ ತೆಗೆಯಲಿಲ್ಲ. ಸೈಕಲ್ಲಿನಲ್ಲಿ ಗೆಂಡೆಹಳ್ಳಿಗೆ ಹೋದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ‘ಗೌಡರೇ, ನಾನು ಹೇಳಿದ್ದು ಸುಳ್ಳು. ಹುಡುಗನ ಮೈ ಶುದ್ಧವಾಗಿದೆ. ತಪ್ಪು ನನ್ನ ಕೈಯದು.’ ಮೂರೇ ವಾಕ್ಯ.

ಕಾಳೇಗೌಡರ ಮನೆಯ ಮುಂದೆ ಚಪ್ಪರದ ಕಂಬ ನೆಡುತ್ತಿದ್ದರು. ಹುಡುಗಿಗೆ ಬೇರೆ ಕಡೆ ಗೊತ್ತಾಗಿತ್ತು. ಗಂಡು ಆಲೂರಿನ ಕಡೆಯವನು, ಜಮೀನುದಾರ. ನಾಲ್ಕು ದಿನಕ್ಕೆ ಲಗ್ನ. ಗೌಡರು ನನ್ನನ್ನು ಕಂಡು ದೂರದಿಂದಲೇ ಕೂಗಿದರು.

“ಬಾರಪ್ಪಾ, ಬಾ! ಹೇಳ್ಕಳ್ಸೋಣ ಅಂತಿದ್ದೆ. ನೀನ್ ಅವತ್ತು ಬಾಯ್ ಬುಡದೇ ಇದ್ದಿದ್ರೆ ನನ್ ಮಗ್ಳ ಗತಿ ಏನಾಗ್ತಿತ್ತು! ಮದ್ವೆ ಗಂಡಿನ್ ಕ್ಷೌರ ನಿಂದೇ ಕಣ್ಲಾ.”

ಒಳಗಿನಿಂದ ತಟ್ಟೆ ತರಿಸಿದರು. ಪಂಚೆ, ಎಲೆ ಅಡಿಕೆ, ತೆಂಗಿನಕಾಯಿ. ತಂದವಳು ಆ ಹುಡುಗಿಯೇ. ತಟ್ಟೆ ನನ್ನ ಕೈಗೆ ಕೊಡುವಾಗ ಮುಖವನ್ನು ಎತ್ತಿ ನನ್ನನ್ನು ಒಮ್ಮೆ ನೋಡಿದಳು. ಕೋಪವಲ್ಲ, ಕೇಳುವ ನೋಟ. ಗೌಡರು ಪಕ್ಕದಲ್ಲಿ ನಿಂತಿದ್ದರು, ಕಂಬ ನೆಡುತ್ತಿದ್ದವರು ಕೈ ನಿಲ್ಲಿಸಿ ನೋಡುತ್ತಿದ್ದರು. ಈಗ ಹೇಳಿದರೆ ಚಪ್ಪರದ ಮನೆಗೆ ಕೇಡು ಮಾಡಿದ ಹಾಗೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೂ ಇರಬಹುದು. ಆದರೆ ನಾನು ಸುಮ್ಮನಾದದ್ದು ಅದಕ್ಕಲ್ಲ. ಹೆದರಿಕೆಗೆ.

ತಟ್ಟೆ ತೆಗೆದುಕೊಂಡೆ. ಮದುವೆಗೆ ಹೋಗಿ ಗಂಡಿನ ಕ್ಷೌರವನ್ನೂ ಮಾಡಿದೆ, ಬಿಸಿನೀರಿನಲ್ಲಿ, ಒಂದೇ ಎಳೆತದಲ್ಲಿ. ಅದು ನಾನು ಹೊಸ ಪದ್ಧತಿಯಲ್ಲಿ ಮಾಡಿದ ಮೊದಲ ಕ್ಷೌರ.

ಅಂಗಡಿಯಲ್ಲಿ ಮರುವಾರವೇ ಒಲೆ ಹಾಕಿಸಿದೆ. ‘ದಂಡಿನ ಕ್ಷೌರ’ದ ಹಲಗೆ ಇಳಿಸಿದೆ. ಮೇಷ್ಟ್ರಿಗೆ ತಿಂಗಳು ಕತ್ತಿ ಮುಟ್ಟಿಸಬೇಡಿ ಎಂದೆ.

“ಹೆಡ್‌ಮಾಸ್ಟ್ರಿಗೆ ಏನ್ ಹೇಳ್ಲಿ?”

“ಇನ್ನೊಂದು ಹರಕೆ ಅನ್ನಿ.”

“ಇಷ್ಟೊಂದು ಹರಕೆ ಹೊತ್ರೆ ನಾನೇನೋ ದೊಡ್ಡ ಪಾಪ ಮಾಡಿದೀನಿ ಅಂದ್ಕೋತಾರೆ ಕಣೋ” ಎಂದು ಬಹಳ ದಿನದ ಮೇಲೆ ನಕ್ಕರು. ಪಾಪ ಯಾರದ್ದೆಂದು ನನಗೆ ಗೊತ್ತಿತ್ತು.

ತಿಂಗಳ ಮೇಲೆ ಕತ್ತು ತಿಳಿಯಾಯಿತು. ನಂತರ ಬಿಸಿನೀರಿನ ಬಟ್ಟೆ, ಬೆರಳಿನಿಂದ ದಿಕ್ಕು ನೋಡುವುದು, ಒಂದೇ ಎಳೆತ. ಗುಳ್ಳೆ ತಿರುಗಿ ಬರಲಿಲ್ಲ. ಮೇಷ್ಟ್ರು ಇಡೀ ಬೇಲೂರಿಗೆ ಹೇಳಿಕೊಂಡು ಬಂದರು: “ಡಾಕ್ಟ್ರು ಬೇಡ, ನಂಜಪ್ಪನ ಹತ್ರ ಹೋಗಿ. ಒಂದು ಪೈಸೆ ಔಷಧಿ ಇಲ್ದೆ ನನ್ನ ವಾಸಿ ಮಾಡ್ದ.” ಅವರ ಮಾತಿನಿಂದ ನನ್ನ ಬೆಂಚು ತುಂಬಿತು. ಆ ವರ್ಷಗಳಲ್ಲಿ ನಾನು ಗಳಿಸಿದ ಹೆಸರೆಲ್ಲ ನಾನೇ ಕೆಡಿಸಿದ ಕತ್ತಿನಿಂದ ಬಂದದ್ದು. ಎರಡು ವರ್ಷದ ಮೇಲೆ ಅವರಿಗೆ ಜಾವಗಲ್ಲಿನ ಕಡೆ ಮದುವೆಯಾಯಿತು. ಆ ಸಲ ಹೆಣ್ಣಿನ ತಂದೆ ನನ್ನನ್ನು ಕೇಳಲು ಬಂದಾಗ, 'ಬಂಗಾರದಂಥ ಚರ್ಮ' ಎಂದೆ. ನಿಜ ಹೇಳುವುದು ಆಗ ಸುಲಭವಿತ್ತು.

ಅಷ್ಟು ಹೊತ್ತಿಗೆ ರೇಜರು, ಬ್ಲೇಡು ಬೇಲೂರಿನ ಅಂಗಡಿಗಳಿಗೂ ಬಂದಿದ್ದವು. ಜನ ಮನೆಯಲ್ಲೇ ಮುಖ ಕೆರೆದುಕೊಂಡು, ಕತ್ತು ಕೆಡಿಸಿಕೊಂಡು ನನ್ನ ಹತ್ತಿರ ಬರುತ್ತಿದ್ದರು. ಅವರಿಗೂ ಇದನ್ನೇ ಹೇಳಿಕೊಟ್ಟೆ. ಹಳೇ ಬ್ಲೇಡು ಒತ್ತಬೇಡಿ, ಒಣ ಮುಖಕ್ಕೆ ಇಡಬೇಡಿ, ಉಲ್ಟಾ ಎಳೆಯಬೇಡಿ. ಮೇಷ್ಟ್ರು ಮಾತ್ರ ಬ್ಲೇಡಿನ ಗೊಡವೆಗೆ ಹೋಗಲಿಲ್ಲ. “ನೀನಿರೋವಾಗ ನಂಗ್ಯಾಕೆ?” ಎನ್ನುತ್ತಿದ್ದರು.

ಆರನೆಯ ವರ್ಷ ಅವರಿಗೆ ಅರಸೀಕೆರೆಗೆ ವರ್ಗವಾಯಿತು. ಹೊರಡುವ ಹಿಂದಿನ ದಿನ ಕೊನೆಯ ಸಲ ಕುರ್ಚಿಗೆ ಬಂದರು. ಬೇರೆ ಯಾರೂ ಇರಲಿಲ್ಲ. ಕ್ಷೌರ ಮುಗಿಸಿ, ಮುಖ ಒರೆಸಿ, ಕತ್ತಿಯನ್ನು ಮಡಿಸಿ ಒಳಗಿಟ್ಟೆ. ಆಮೇಲೆ ಹೇಳಿದೆ. ಕಾಳೇಗೌಡರು ಬಂದದ್ದು, ನಾನು ಹೇಳಿದ್ದು, ಹೇಳುವಾಗ ನನಗೆ ಗೊತ್ತಿದ್ದದ್ದು, ತಟ್ಟೆ ತೆಗೆದುಕೊಂಡದ್ದು. ಏನನ್ನೂ ಬಿಡಲಿಲ್ಲ.

ಮೇಷ್ಟ್ರು ಕನ್ನಡಿಯಲ್ಲಿಯೇ ನನ್ನನ್ನು ನೋಡುತ್ತಾ ಎಲ್ಲವನ್ನೂ ಕೇಳಿಸಿಕೊಂಡರು. ಬೈಯುತ್ತಾರೆ ಎಂದುಕೊಂಡಿದ್ದೆ.

“ಆರು ವರ್ಷ ವಾರಕ್ಕೆರಡು ಸಲ ಈ ಕುರ್ಚೀಲಿ ಕೂತಿದೀನಿ” ಎಂದರು. “ಯಾವತ್ತಾದ್ರೂ ಒಂದಿನ ಹೇಳೋಕೆ ಆಗ್ಲಿಲ್ವಾ?”

“ಆಗಲಿಲ್ಲ ಮೇಷ್ಟ್ರೇ.”

“ಅವಳು ಪರೀಕ್ಷೆ ಕಟ್ಟಿದ್ಲಾ? ಗೊತ್ತಾ ನಿಂಗೆ?”

“ಗೊತ್ತಿಲ್ಲ.”

ಮೇಷ್ಟ್ರು ಎದ್ದು, ಶರ್ಟಿನ ಗುಂಡಿ ಹಾಕಿಕೊಂಡು ಹೋದರು.

ಕೆಲವು ವರ್ಷ ಕಳೆದು ನಾನು ಬೆಂಗಳೂರಿಗೆ ಹೋಗಲೆಂದು ಅರಸೀಕೆರೆಗೆ ಬಂದಿದ್ದೆ. ಸ್ಟೇಷನ್ನಿನಲ್ಲಿ ಬೆಂಗಳೂರಿನ ರೈಲಿಗೆ ಕಾಯುತ್ತಿದ್ದಾಗ ಯಾರೋ ನನ್ನನ್ನೇ ನೋಡುತ್ತಿರುವ ಹಾಗಾಯಿತು. ಎದೆಯವರೆಗೆ ಗುಂಗುರು ಗಡ್ಡ. ಕಣ್ಣಿನಿಂದ ಗುರುತು ಸಿಕ್ಕಿತು. ಜೊತೆಗೆ ಹೆಂಡತಿ, ಒಂದು ಟ್ರಂಕು. ನಾನು ಹೋಗಿ ಕೈ ಮುಗಿದೆ. ಮೇಷ್ಟ್ರೂ ಕೈ ಮುಗಿದು, “ಬೇಲೂರಿನ ನಂಜಪ್ಪ. ಅಲ್ಲಿ ನನಗೆ ಕ್ಷೌರ ಮಾಡ್ತಿದ್ದ” ಎಂದು ಹೆಂಡತಿಗೆ ತಿಳಿಸಿದರು. ಅಷ್ಟೇ ಹೇಳಿದರು.

ಆ ತಾಯಿ ಮಾತುಗಾತಿ. “ಅಯ್ಯೋ, ಒಳ್ಳೇ ಸಮಯಕ್ಕೆ ಸಿಕ್ಕಿದ್ರಿ ಕಣ್ರೀ! ಅರಸೀಕೆರೆಗೆ ಬಂದಾಗಿಂದ ಈ ಕಾಡು ಬೆಳೆಸಿದಾರೆ. ಇನ್‌ಸ್ಪೆಕ್ಟ್ರು ಬೈದ್ರೂ ಇಲ್ಲ, ನಾನು ಅತ್ರೂ ಇಲ್ಲ. ಯಾವ ಕ್ಷೌರದವರ ಹತ್ರಾನೂ ಹೋಗಲ್ಲ. ಬ್ಲೇಡು ತಂದ್ಕೊಟ್ರೆ ಮುಟ್ಟಲ್ಲ. ನೀವು ಹಳಬರು, ನೀವಾದ್ರೂ ಹೇಳಿ, ತೆಗೆಸಿಬಿಡಿ ಅಂತ.”

ಮೇಷ್ಟ್ರು ನನ್ನ ಮುಖ ನೋಡಿದರು. ನಾನು ಏನು ಹೇಳುತ್ತೇನೆ ಎಂದು ಕಾಯುತ್ತಿದ್ದರು.

“ಬೇಡ ತಾಯಿ” ಎಂದೆ. “ಅವರನ್ನ ಒತ್ತಾಯ ಮಾಡಬೇಡಿ. ಹೀಗೇ ಇರಲಿ.”

“ಚೆನ್ನಾಗಿದೆ! ಒಳ್ಳೇ ಕಸುಬುದಾರರು ಕಣ್ರೀ ನೀವು!” ಎಂದು ಆಕೆ ಜೋರಾಗಿ ನಕ್ಕರು.

ಮೇಷ್ಟ್ರು ನಗಲಿಲ್ಲ. ಬಗ್ಗಿ ಟ್ರಂಕಿನ ಒಂದು ಕಡೆ ಹಿಡಿದರು. ಅವರ ರೈಲು ಬಂದು ನಿಂತಿತು. ಇನ್ನೊಂದು ಕಡೆ ಹಿಡಿಯಲು ನಾನು ಕೈ ಮುಂದೆ ಮಾಡಿದೆ. ಬೇಡ ಎಂದು ತಲೆಯಾಡಿಸಿ, ಒಬ್ಬರೇ ಎತ್ತಿಕೊಂಡು ಹತ್ತಿದರು.